ಅಮೂರ್ತದ ಅಂಚಿನಲ್ಲಿ ನಿಂತ ಕುಂಚ: ಕೆ.ಕೆ. ಹೆಬ್ಬಾರ್

ನವ್ಯ ಚಿತ್ರಕಲೆಯ ಪ್ರದರ್ಶನಕ್ಕೆ ಬಂದ ಸಾಮಾನ್ಯ ಪ್ರೇಕ್ಷಕ ಕೇಳುವ ಮೊದಲ ಪ್ರಶ್ನೆ ಇದು ಏನು ಎಂಬುದು. ಈ ಪ್ರಶ್ನೆಯನ್ನು ತಿರಸ್ಕಾರದಿಂದ ಕಂಡ ಕಲಾವಿದರು ಅನೇಕರು. ಅದನ್ನು ಗೌರವಿಸುತ್ತಲೇ ಅಮೂರ್ತದ ಸಮೀಪಕ್ಕೆ ನಡೆದವರು ವಿರಳ. ಅಂಥ ವಿರಳರಲ್ಲಿ ಕನ್ನಡ ನಾಡಿನ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ ಪ್ರಮುಖರು.

ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಹೆಬ್ಬಾರರದು ಬಡ ಕುಟುಂಬ. ತಂದೆ ಗಣಪತಿಯ ಮಣ್ಣಿನ ಮೂರ್ತಿಗಳನ್ನು ಮಾಡುತ್ತಿದ್ದರು. ಯಕ್ಷಗಾನದ ಬಣ್ಣ, ಕುಣಿತಗಳು ಬಾಲ್ಯದಲ್ಲೇ ಕಣ್ಣಿಗೆ ಬಿದ್ದವು. ರವಿವರ್ಮನ ಚಿತ್ರಗಳನ್ನು ನಕಲು ಮಾಡುತ್ತ, ಕೆಲಕಾಲ ಶಾಲಾ ಶಿಕ್ಷಕರಾಗಿ ದುಡಿದು, ಮೈಸೂರಿನಲ್ಲಿ ಒಂದಿಷ್ಟು ಕಲಿತು ಅವರು ಮುಂಬಯಿ ಸೇರಿದರು. ಸರ್ ಜೆ.ಜೆ. ಕಲಾಶಾಲೆಯಿಂದ 1938ರಲ್ಲಿ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು.

ಇಲ್ಲಿಗೆ ಬದುಕು ಒಂದು ದಡ ಸೇರಿತ್ತು. ಕಂಡದ್ದನ್ನು ಕಂಡಂತೆ ಬರೆಯುವ ಪಾಶ್ಚಾತ್ಯ ವಾಸ್ತವವಾದಿ ಶೈಲಿ ಕೈವಶವಾಗಿತ್ತು, ಅದಕ್ಕೆ ಬೇಡಿಕೆಯೂ ಇತ್ತು. ಆದರೆ ಆ ಕೌಶಲದಲ್ಲಿ ತನ್ನತನವಿಲ್ಲವೆಂಬ ಅತೃಪ್ತಿ ಹೆಬ್ಬಾರರನ್ನು ಕಾಡತೊಡಗಿತು. ಜೈನ ಹಸ್ತಪ್ರತಿಗಳ ಚಿತ್ರಗಳು, ರಜಪೂತ ಕಿರುಚಿತ್ರಗಳು, ಅಜಂತಾದ ಭಿತ್ತಿಗಳತ್ತ ಅವರು ತಿರುಗಿದರು. ಅಮೃತಾ ಶೇರ್‌ಗಿಲ್ ಹಾಗೂ ಫ್ರಾನ್ಸಿನ ಗೋಗ್ಯಾನರ ಕೃತಿಗಳು ದಾರಿ ತೋರಿದವು. ಕೇರಳದ ಬದುಕನ್ನು ಕುರಿತ ಅವರ ಚಿತ್ರಗಳಲ್ಲಿ ನೆರಳು ಬೆಳಕಿನ ಆಟ ಹಿಂದೆ ಸರಿದು, ಸಪಾಟಾದ ಬಣ್ಣ ಮತ್ತು ಗಟ್ಟಿ ಆಕಾರಗಳು ಮುಂದೆ ಬಂದವು.

ಇದೇ ಕಾಲದಲ್ಲಿ ಮುಂಬಯಿಯಲ್ಲಿದ್ದ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರನ್ನು (1916–1993) ಇಲ್ಲಿ ನೆನೆಯಬೇಕು. ಪಂಡಿತರು ವಾಸ್ತವ ಶೈಲಿಯನ್ನೇ ಪರಾಕಾಷ್ಠೆಗೆ ಒಯ್ದು ಸಿನಿಮಾ ಭಿತ್ತಿಪತ್ರ ಹಾಗೂ ಪೌರಾಣಿಕ ಚಿತ್ರಗಳ ಮೂಲಕ ಮನೆಮನೆಗೆ ತಲುಪಿದರು. ಹೆಬ್ಬಾರರು ಕೈಗೆ ಬಂದ ಶೈಲಿಯನ್ನು ಬಿಟ್ಟುಕೊಟ್ಟರು. ಯಾರ ಹಾದಿ ದೊಡ್ಡದೆಂಬ ಚರ್ಚೆ ನಿರರ್ಥಕ. ಬಿಟ್ಟುಕೊಡುವುದಕ್ಕೆ ಬೇರೆಯೇ ಧೈರ್ಯ ಬೇಕು ಎಂಬುದಂತೂ ನಿಜ.

1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾನ್‌ನಲ್ಲಿ ಅಭ್ಯಾಸ ನಡೆಸಿದ ಹೆಬ್ಬಾರರು ಯುರೋಪಿನ ನವ್ಯ ಪ್ರಯೋಗಗಳನ್ನು ಹತ್ತಿರದಿಂದ ಕಂಡರು. ಆದರೆ ಅವುಗಳನ್ನು ಹೊತ್ತು ತಂದು ಇಲ್ಲಿ ಇಳಿಸಲಿಲ್ಲ. ಅವರ ಅಮೂರ್ತದ ಬೇರು ಲಯದಲ್ಲಿತ್ತು. ಲಯವನ್ನು ಅರಿಯಲೆಂದೇ ಪಂಡಿತ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಸಿಸಿದರು. ಕಲಾವಿದನೊಬ್ಬ ಗೆಜ್ಜೆ ಕಟ್ಟಿ ರೇಖೆ ಕಲಿತದ್ದು ಅಪರೂಪದ ಸಂಗತಿ! ನರ್ತಕಿಯ ದೇಹ ಮಾಯವಾಗಿ ಚಲನೆ ಮಾತ್ರ ಉಳಿಯುವ ಅವರ ರೇಖಾಚಿತ್ರಗಳು ಈ ಅಭ್ಯಾಸದ ಫಲ. ‘ಹಾಡುವ ರೇಖೆ’ ಎಂದೇ ಅವು ಹೆಸರಾದವು.

ಮುಂದೆ ತೈಲವರ್ಣದಲ್ಲಿಯೂ ಆಕೃತಿಗಳು ಕರಗತೊಡಗಿದವು. ದಪ್ಪವಾಗಿ ಮೆತ್ತಿದ ಬಣ್ಣವೇ ನೆಲವಾಯಿತು, ನೀರಾಯಿತು, ಬೆಳಕಾಯಿತು. ಚಿಂಚೋಳಿಯ ಕೆಂಪು ನೆಲದಿಂದ ಸೇಡಂನ ಎರೆ ಹೊಲಗಳಿಗೆ ಇಳಿಯುವವರು, ಶಹಾಬಾದಿನ ಗಣಿಗಳಲ್ಲಿ ಪದರ ಪದರವಾಗಿ ಏಳುವ ಫರಸಿ ಕಲ್ಲನ್ನು ಕಂಡವರು, ವಾಡಿಯ ಸಿಮೆಂಟ್ ಧೂಳಿನ ಸಂಜೆಯನ್ನು ಬಲ್ಲವರು ಇಂಥ ಚಿತ್ರದ ಮುಂದೆ ಅಪರಿಚಿತರಾಗಬೇಕಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಬಳಿಯ ಕನಗನಹಳ್ಳಿ ಸ್ತೂಪದ ಶಿಲ್ಪಿಗಳೂ ಕೆಲವು ಫಲಕಗಳಲ್ಲಿ ಬುದ್ಧನ ರೂಪವನ್ನು ಕೆತ್ತದೆ, ಬರಿದಾದ ಪೀಠ, ಬೋಧಿವೃಕ್ಷಗಳಿಂದಲೇ ಅವನನ್ನು ಸೂಚಿಸಿದ್ದಾರೆ. ಕಾಣಿಸದೆ ತೋರಿಸುವ ವಿದ್ಯೆ ಈ ನೆಲಕ್ಕೆ ಹೊಸತೇನಲ್ಲ.

ಆದರೂ ಹೆಬ್ಬಾರರು ಕೊನೆಯವರೆಗೂ ಮನುಷ್ಯನನ್ನು ಚಿತ್ರದಿಂದ ಪೂರ್ತಿ ಹೊರಹಾಕಲಿಲ್ಲ. ಹಸಿವು, ಯುದ್ಧ, ಜಾತ್ರೆ, ಕೋಳಿ ಅಂಕ ಎಲ್ಲವೂ ಅವರ ವಸ್ತುಗಳಾದವು. ಭಾವವಿಲ್ಲದ ತಂತ್ರ ಅವರಿಗೆ ಪೊಳ್ಳೆನಿಸುತ್ತಿತ್ತು. ಶುದ್ಧ ಅಮೂರ್ತದ ಪಕ್ಷಪಾತಿಗಳಿಗೆ ಇದು ಅರ್ಧ ದಾರಿಯ ರಾಜಿಯಂತೆ ತೋರಬಹುದು. ಆದರೆ ಗುರುತು ಸಿಗುವ ಲೋಕಕ್ಕೂ ಗುರುತಳಿದ ಬಣ್ಣಕ್ಕೂ ನಡುವಿನ ಆ ಎಳೆದಾಟವೇ ಅವರ ಉತ್ತಮ ಕೃತಿಗಳಿಗೆ ಬಿಗಿ ತಂದಿದೆ. ಯಾವುದಾದರೂ ಒಂದು ದಡಕ್ಕೆ ಸೇರಿಬಿಟ್ಟಿದ್ದರೆ ಆ ಬಿಗಿ ಉಳಿಯುತ್ತಿರಲಿಲ್ಲ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಗೌರವಗಳು ಸಂದವು. 1996ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಅವರು ನಿಧನರಾದರು. ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿ ಹೆಬ್ಬಾರರ ಕೃತಿಗಳಿವೆ.