ಬೆಟ್ಟ ದಾಟಿ ಬಂದ ನೀರು: ಕರ್ನಲ್ ಜಾನ್ ಪೆನ್ನಿಕ್ವಿಕ್

ತಮಿಳುನಾಡಿನ ತೇಣಿಯಿಂದ ದಕ್ಷಿಣಕ್ಕೆ, ಕಂಬಂ ಗೂಡಲೂರುಗಳತ್ತ ಸಾಗುವ ದಾರಿಯ ಎರಡೂ ಬದಿಗೆ ಬೆಟ್ಟಗಳು ಜೊತೆಯಾಗಿ ಬರುತ್ತವೆ. ಪಶ್ಚಿಮದಲ್ಲಿ ಏಲಕ್ಕಿ ಬೆಟ್ಟಗಳು, ಪೂರ್ವದಲ್ಲಿ ವರುಷನಾಡಿನ ಸಾಲು. ನಡುವಿನ ಕಣಿವೆಯಲ್ಲಿ ಭತ್ತ, ಬಾಳೆ, ದ್ರಾಕ್ಷಿ. ಶತಮಾನಗಳ ಹಿಂದೆ ಕನ್ನಡ ನಾಡಿನಿಂದ ಹೋಗಿ ನೆಲೆಸಿದ ಕಾಪ್ಪಿಲಿಯರ್ ಒಕ್ಕಲಿಗರ ಮನೆಮಾತು ಅಲ್ಲಿ ಕನ್ನಡವೇ. ಅದು ಬರೆಹಕ್ಕೆ ಬಾರದೆ ಬರಿಯ ನಾಲಗೆಯ ಮೇಲೆ ಉಳಿದುಬಂದ ಕನ್ನಡ. ಈ ಒಕ್ಕಲು ಮಕ್ಕಳ ಗದ್ದೆಗೆ ಹರಿಯುವ ನೀರಿನ ಬಹುಪಾಲು ಅವರ ಕಣಿವೆಯದಲ್ಲ. ಬೆಟ್ಟದ ಆಚೆ ಹುಟ್ಟಿ ಅರಬ್ಬೀ ಸಮುದ್ರದತ್ತ ಹರಿಯುವ ಪೆರಿಯಾರ್ ನದಿಯದು. ಆ ನೀರನ್ನು ಬೆಟ್ಟದ ಈಚೆಗೆ ತಂದವರು ಜಾನ್ ಪೆನ್ನಿಕ್ವಿಕ್.

ಪೆನ್ನಿಕ್ವಿಕ್ ಅವರು 1841ರ ಜನವರಿ 15ರಂದು ಪುಣೆಯಲ್ಲಿ ಜನಿಸಿದರು. ತಂದೆ ಸೇನಾಧಿಕಾರಿ. ಬಾಲಕನಿಗೆ ಎಂಟು ವರ್ಷ ತುಂಬುವ ಹೊತ್ತಿಗೆ, 1849ರ ಚಿಲಿಯನ್‌ವಾಲಾ ಯುದ್ಧದಲ್ಲಿ ತಂದೆಯೂ ಅಣ್ಣನೂ ಒಂದೇ ದಿನ ಮಡಿದರು. ಇಂಗ್ಲೆಂಡಿನಲ್ಲಿ ಓದಿ, 1858ರಲ್ಲಿ ಮದರಾಸು ಇಂಜಿನಿಯರುಗಳ ದಳವನ್ನು ಸೇರಿ, 1860ರಲ್ಲಿ ಅವರು ಭಾರತಕ್ಕೆ ಮರಳಿದರು. 1868ರ ಅಬಿಸೀನಿಯಾ ದಂಡಯಾತ್ರೆಯಲ್ಲಿಯೂ ಅವರಿದ್ದರು. ಕೆಂಪು ಸಮುದ್ರದ ತೀರದಿಂದ ಮಗ್ದಲಾ ಕೋಟೆಯವರೆಗೆ, ಪುರಾತನ ಜ್ವಾಲಾಮುಖಿಗಳು ಉಗುಳಿದ ಕರಿಗಲ್ಲಿನ ಪ್ರಸ್ಥಭೂಮಿಯನ್ನೇರಿ, ದಾರಿಯಿಲ್ಲದಲ್ಲಿ ದಾರಿ ಕಡಿದುಕೊಂಡು ಆ ಸೈನ್ಯ ನಡೆಯಿತು. ದುರ್ಗಮ ಬೆಟ್ಟದೊಳಕ್ಕೆ ಜನರನ್ನೂ ಸಾಮಗ್ರಿಯನ್ನೂ ಒಯ್ಯುವುದೆಂದರೇನು ಎಂಬ ಪಾಠ ಅಲ್ಲಿ ದೊರೆತಿರಲೇಬೇಕು.

ಪೆರಿಯಾರನ್ನು ತಿರುಗಿಸುವ ಯೋಚನೆ ಮಾತ್ರ ಪೆನ್ನಿಕ್ವಿಕ್ ಅವರದಲ್ಲ. ರಾಮನಾಡು ಸಂಸ್ಥಾನದ ಮುತ್ತಿರುಳಪ್ಪ ಪಿಳ್ಳೆ 1789ರ ಸುಮಾರಿಗೇ ಅದನ್ನು ಪರಿಶೀಲಿಸಿದ್ದರು. ಹಣ ಸಾಲದೆ ಬಿಟ್ಟರು. 1808ರಲ್ಲಿ ಸ್ಥಳಪರೀಕ್ಷೆಗೆ ಬಂದ ಕ್ಯಾಪ್ಟನ್ ಕಾಲ್ಡ್‌ವೆಲ್ ಇದು ಬರಿಯ ಭ್ರಮೆಯೆಂದು ತಳ್ಳಿಹಾಕಿದರು. 1850ರಲ್ಲಿ ಆರಂಭವಾದ ಸಣ್ಣದೊಂದು ಪ್ರಯತ್ನ ರೋಗರುಜಿನಗಳ ಕಾರಣದಿಂದ ನಿಂತಿತು. ಬಳಿಕ ಮೇಜರ್ ರೈವ್ಸ್ ವಿವರವಾದ ಯೋಜನೆ ಬರೆದರು. 1876ರಿಂದ 78ರವರೆಗಿನ ಭೀಕರ ಬರ ಮಧುರೆಯ ಸೀಮೆಯನ್ನೂ ಸುಟ್ಟಿತು. ಹಳೆಯ ಕಡತಗಳು ಮತ್ತೆ ತೆರೆದವು. 1882ರಲ್ಲಿ ಯೋಜನೆಯನ್ನು ಪರಿಷ್ಕರಿಸುವ ಹೊಣೆ ಪೆನ್ನಿಕ್ವಿಕ್ ಅವರ ಮೇಲೆ ಬಿದ್ದಿತು. ನದಿಯಿದ್ದುದು ತಿರುವಾಂಕೂರಿನ ನೆಲದಲ್ಲಿ. 1886ರ ಅಕ್ಟೋಬರಿನಲ್ಲಿ 8,000 ಎಕರೆಯನ್ನು 999 ವರ್ಷಗಳ ಗುತ್ತಿಗೆಗೆ ಕೊಡುವ ಒಪ್ಪಂದವಾಯಿತು. ಆ ಕಾಗದದ ವ್ಯಾಜ್ಯ ಇಂದಿಗೂ ಎರಡು ರಾಜ್ಯಗಳ ನಡುವೆ ಮುಗಿದಿಲ್ಲ. ಅದು ಬೇರೆಯೇ ಕಥೆ.

1887ರಲ್ಲಿ ಕೆಲಸ ಮೊದಲಾಯಿತು. ಸ್ಥಳವೆಂತಹುದು? ಗೂಡಲೂರಿನ ಬಳಿಯ ಬುಡದಿಂದ ಕುಮಳಿಯ ಘಟ್ಟವನ್ನೇರಿ, ತೇಕ್ಕಡಿಯನ್ನು ಹಾದು, ಕಾಡಿನೊಳಗೆ ಹಲವು ಮೈಲಿ ಸಾಗಿದರೆ ಮುಲ್ಲಯಾರ್ ಹೊಳೆ ಪೆರಿಯಾರನ್ನು ಕೂಡುವ ತಾಣ. ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದ ಕಮರಿ. ಸಮೀಪದಲ್ಲಿ ಊರಿಲ್ಲ, ಅಂಗಡಿಯಿಲ್ಲ, ಕೂಲಿಗೆ ಜನರಿಲ್ಲ; ಆನೆಯುಂಟು, ಹುಲಿಯುಂಟು, ಎಲ್ಲಕ್ಕೂ ಮಿಗಿಲಾಗಿ ಮಲೇರಿಯಾ ಉಂಟು. ಬೇಸಗೆಯಲ್ಲಿ ನದಿ ಇಳಿದಿದ್ದಾಗ ಜ್ವರ ಬಿಡದು. ಜ್ವರ ತಗ್ಗುವ ವೇಳೆಗೆ ಮಳೆ. ನೈಋತ್ಯ ಮಾರುತ ಹೋಯಿತೆನ್ನುವಾಗಲೇ ಈಶಾನ್ಯ ಮಾರುತ. ವರ್ಷದಲ್ಲಿ ಕೆಲಸಕ್ಕೆ ದೊರೆಯುತ್ತಿದ್ದ ತಿಂಗಳುಗಳು ಕೆಲವೇ.

ಅಂಥ ಬೆಟ್ಟಕ್ಕೆ ಏರಿದವರು ಸಾವಿರಾರು ಕೂಲಿಗಳು, ಕೊಚ್ಚಿಯ ಕಡೆಯ ಪೋರ್ಚುಗೀಸ್ ಮೂಲದ ಬಡಗಿಗಳು, ಮದರಾಸಿನ ಪಯೋನಿಯರ್ ದಳದ ಸಿಪಾಯಿಗಳು. ಸುಣ್ಣವೂ ಯಂತ್ರಗಳೂ ಆಹಾರವೂ ಕಣಿವೆಯಿಂದಲೇ ಮೇಲೇರಬೇಕಿತ್ತು. ಘಟ್ಟದ ಇಳಿಜಾರಿಗೆ ತಂತಿಹಗ್ಗದ ದಾರಿಯೊಂದನ್ನು ಕಟ್ಟಿ, ಮೇಲೆ ತಲುಪಿದ ಸರಕನ್ನು ನದಿಯಲ್ಲಿ ದೋಣಿಗಳ ಮೂಲಕ ಸಾಗಿಸಿದರು. ತಳಪಾಯವನ್ನು ಒಣಗಿಸಿಕೊಳ್ಳಲು ಕಟ್ಟಿದ ತಾತ್ಕಾಲಿಕ ಒಡ್ಡುಗಳನ್ನು ಪ್ರವಾಹ ಮತ್ತೆ ಮತ್ತೆ ಕೊಚ್ಚಿಕೊಂಡುಹೋಯಿತು. ತಿಂಗಳುಗಳ ಕೆಲಸ ಒಂದು ರಾತ್ರಿಯಲ್ಲಿ ಇಲ್ಲವಾಗುತ್ತಿತ್ತು. ಕಾಲರಾ ಮತ್ತು ಜ್ವರಗಳಿಂದ ಸತ್ತವರು ನೂರಾರು ಮಂದಿ.

ಪೆನ್ನಿಕ್ವಿಕ್ ಅವರನ್ನು ಕುರಿತು ಕಣಿವೆಯ ಜನ ಹೇಳುವ ಕಥೆಯೊಂದಿದೆ. ಪ್ರವಾಹಕ್ಕೆ ಅಂಜಿ ಸರಕಾರ ಹಣ ನಿಲ್ಲಿಸಿದಾಗ ಅವರು ತಮ್ಮ ಆಸ್ತಿಯನ್ನೂ ಮಡದಿಯ ಒಡವೆಯನ್ನೂ ಮಾರಿ ಅಣೆಕಟ್ಟನ್ನು ಮುಗಿಸಿದರಂತೆ. ಕಾಮಗಾರಿ ನಡೆದದ್ದು ಮದರಾಸು ಸರಕಾರದ ಹಣದಿಂದ; ಕಥೆಗೆ ದಾಖಲೆಯ ಬೆಂಬಲವಿಲ್ಲ. ಆದರೂ ಇದನ್ನು ಸುಳ್ಳೆಂದು ಬದಿಗಿಡುವುದು ಸುಲಭವಲ್ಲ. ಕೆರೆಗೆ ಹಾರವಾದವರ ಕಥೆ ಕನ್ನಡದ ಜಾನಪದಕ್ಕೂ ಹೊಸದಲ್ಲ. ನೀರು ನಿಲ್ಲಬೇಕಾದರೆ ಯಾರೋ ತಮ್ಮದನ್ನು ತೆತ್ತಿರಬೇಕೆಂದು ಒಕ್ಕಲು ಮಕ್ಕಳ ಮನಸ್ಸು ನಂಬುತ್ತದೆ. ತೆತ್ತವರು ನಿಜಕ್ಕೂ ಇದ್ದರು. ಅವರು ಜ್ವರದ ಗುಡಿಸಲುಗಳಲ್ಲಿ ಸತ್ತ ಕೂಲಿಗಳು. ಅವರ ಹೆಸರು ಯಾವ ಕಥೆಗೂ ಸಿಗಲಿಲ್ಲ, ಇಂಜಿನಿಯರರ ಹೆಸರು ಸಿಕ್ಕಿತು.

1895ರ ಅಕ್ಟೋಬರಿನಲ್ಲಿ ಗವರ್ನರ್ ವೆನ್‌ಲಾಕ್ ನೀರು ಹರಿಸಿದರು. ಸುಣ್ಣ, ಸುರ್ಕಿ, ಕಲ್ಲುಗಳಿಂದ ಕಟ್ಟಿದ ಅಣೆಕಟ್ಟಿನ ಉದ್ದ ಸುಮಾರು 1,200 ಅಡಿ. ತಳಪಾಯದಿಂದ ಎತ್ತರ 176 ಅಡಿ. ಅದರ ಜಾಣ್ಮೆಯಿರುವುದು ಎತ್ತರದಲ್ಲಿ ಮಾತ್ರವಲ್ಲ. ಹಿಂದೆ ನಿಂತ ನೀರು ಬೆಟ್ಟದ ಅಂಚಿನವರೆಗೆ ಹಿಮ್ಮೆಟ್ಟಿ, ಒಂದು ಮೈಲಿಗೂ ಮಿಕ್ಕಿದ ಸುರಂಗದಲ್ಲಿ ನುಸುಳಿ, ಪೂರ್ವದ ಇಳಿಜಾರಿಗೆ ಧುಮುಕುತ್ತದೆ. ಅಲ್ಲಿಂದ ಸುರುಳಿಯಾರು, ಮುಂದೆ ವೈಗೈ; ದಿಂಡಿಗಲ್ ಜಿಲ್ಲೆಯ ಪೇರಣೈಯಲ್ಲಿ ಕಾಲುವೆಗೆ ತಿರುಗಿ ಮೇಲೂರಿನವರೆಗಿನ ಗದ್ದೆಗಳಿಗೆ.

ಪೆನ್ನಿಕ್ವಿಕ್ ಅವರು ಮುಂದಿನ ವರ್ಷವೇ ಇಂಗ್ಲೆಂಡಿಗೆ ಮರಳಿ, ಕೂಪರ್ಸ್ ಹಿಲ್‌ನ ಇಂಜಿನಿಯರಿಂಗ್ ಕಾಲೇಜಿನ ಅಧ್ಯಕ್ಷರಾದರು. 1899ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನದಿಯ ಪ್ರವಾಹ ತಡೆಗೆ ಸಲಹೆ ನೀಡಲು ಹೋಗಿಬಂದರು. 1911ರ ಮಾರ್ಚ್ 9ರಂದು ಕ್ಯಾಂಬರ್ಲಿಯಲ್ಲಿ ತೀರಿಕೊಂಡರು.

ಸುರಂಗದ ನೀರು ಇಳಿದುಬರುವ ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಅವರ ಸ್ಮಾರಕ ಮಂಟಪ ತೆರೆಯಿತು. ತೇಣಿಯ ಬಳಿಯ ಪಾಲಾರ್‌ಪಟ್ಟಿಯ ರೈತರು ಅದಕ್ಕೂ ಕಾದವರಲ್ಲ. ಪೆನ್ನಿಕ್ವಿಕ್ ಅವರ ಹುಟ್ಟಿದ ದಿನ ಸುಗ್ಗಿಯ ಹಬ್ಬದ ವೇಳೆಗೇ ಬರುವುದರಿಂದ, ಅಂದು ಅವರ ಹೆಸರಿನಲ್ಲಿ ಹೊಸ ಅಕ್ಕಿಯ ಪೊಂಗಲ್ ಮಡಕೆಯನ್ನು ಒಲೆಗೇರಿಸುತ್ತಾರೆ.