ಕಲ್ಲುಗಳಲ್ಲಿ ಸೃಷ್ಟಿಯ ಕತೆ ಓದಿದ ಯೇಸುಸಭೆಯ ಗುರು: ಫಾದರ್ ತೆಯಾರ್ ದ ಶಾರ್ದಾನ್

ದೇವರು ಆದಾಮನನ್ನು ಮಣ್ಣಿನಿಂದ ಮಾಡಿದ್ದು ನಿಜವೋ, ಮನುಷ್ಯ ಮಂಗನಿಂದ ಬಂದದ್ದು ನಿಜವೋ? ಭಾನುವಾರದ ಧರ್ಮೋಪದೇಶ ತರಗತಿ ನಡೆಸುವವರಿಗೆ ಈ ಪ್ರಶ್ನೆ ಹೊಸತಲ್ಲ. ಹೈಸ್ಕೂಲು ಸೇರಿದ ಮಕ್ಕಳು ಶಾಲೆಯಲ್ಲಿ ಒಂದು ಪಾಠ, ಇಗರ್ಜಿಯಲ್ಲಿ ಇನ್ನೊಂದು ಪಾಠ ಕೇಳಿ ಗೊಂದಲಕ್ಕೆ ಬೀಳುತ್ತಾರೆ. ಕೆಲವು ಶಿಕ್ಷಕರು ಗದರಿಸಿ ಕೂರಿಸುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ಇದೇ ಪ್ರಶ್ನೆಯನ್ನು ಜೀವನಪೂರ್ತಿ ಹೊತ್ತು ನಡೆದು, ಅದಕ್ಕಾಗಿ ತನ್ನ ಕೆಲಸ, ಊರು, ಹೆಸರು ಎಲ್ಲವನ್ನೂ ಕಳೆದುಕೊಂಡ ಒಬ್ಬ ಧರ್ಮಗುರುವಿನ ಪರಿಚಯ ಇಲ್ಲಿದೆ. ಅವರು ಯೇಸುಸಭೆಯ ಫಾದರ್ ಪಿಯೆರ್ ತೆಯಾರ್ ದ ಶಾರ್ದಾನ್.

ಅವರು ಜನಿಸಿದ್ದು 1881ರ ಮೇ 1ರಂದು, ಫ್ರಾನ್ಸ್ ದೇಶದ ಓವೆರ್ನ್ ಪ್ರಾಂತ್ಯದಲ್ಲಿ, ಕ್ಲೆರ್ಮೋಂ-ಫೆರಾಂ ಪಟ್ಟಣದ ಸಮೀಪದ ಸಾರ್ಸೆನಾ ಎಂಬಲ್ಲಿ. ಮಂಗಳೂರಿನಲ್ಲಿ ಅದೇ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿ ಆಗ ಒಂದು ವರ್ಷವಾಗಿತ್ತಷ್ಟೇ. ಹನ್ನೊಂದು ಮಕ್ಕಳಲ್ಲಿ ನಾಲ್ಕನೆಯವರಾದ ಪಿಯೆರ್, ಕಲ್ಲು, ಹುಳ, ಗಿಡಗಳನ್ನು ಗುರುತಿಸುವುದನ್ನು ತಂದೆಯಿಂದ ಕಲಿತರು, ಯೇಸುವಿನ ಪವಿತ್ರ ಹೃದಯದ ಭಕ್ತಿಯನ್ನು ತಾಯಿಯಿಂದ ಪಡೆದರು. ಐದಾರು ವರ್ಷದವರಿದ್ದಾಗ ತಾಯಿ ಕತ್ತರಿಸಿದ ಅವರ ಕೂದಲಿನ ಎಳೆಯೊಂದು ಒಲೆಯ ಬೆಂಕಿಗೆ ಸಿಕ್ಕಿ ಕ್ಷಣದಲ್ಲಿ ಸುಟ್ಟುಹೋಯಿತು. ತಾನೂ ಹೀಗೆ ಅಳಿದುಹೋಗುವವನೇ ಎಂದು ಮಗು ಹೆದರಿತು. ಎಂದೂ ಅಳಿಯದ ವಸ್ತುವಿಗಾಗಿ ಹುಡುಕಿ ಕಬ್ಬಿಣದ ಚೂರುಗಳನ್ನು ಗುಟ್ಟಾಗಿ ಕೂಡಿಟ್ಟಿತು. ಅವಕ್ಕೂ ತುಕ್ಕು ಹಿಡಿದಾಗ ಕಲ್ಲುಗಳತ್ತ ತಿರುಗಿತು. ಮುಂದೆ ಭೂಗರ್ಭಶಾಸ್ತ್ರಜ್ಞರಾದವರ ಮೊದಲ ಸಂಶೋಧನೆ ಅದೇ ಎನ್ನಬಹುದೇನೋ.

1899ರಲ್ಲಿ ಅವರು ಯೇಸುಸಭೆಯನ್ನು ಸೇರಿದರು. ಆಗ ಫ್ರಾನ್ಸಿನ ಸರಕಾರ ಧಾರ್ಮಿಕ ಸಂಸ್ಥೆಗಳ ವಿರುದ್ಧ ಕಾನೂನು ಮಾಡಿದ್ದರಿಂದ ಓದು ಮುಂದುವರಿದದ್ದು ಪರದೇಶದಲ್ಲಿ, ಜೆರ್ಸಿ ದ್ವೀಪದಲ್ಲಿ ಹಾಗೂ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ. ನಡುವೆ 1905ರಿಂದ 1908ರವರೆಗೆ ಈಜಿಪ್ಟಿನ ಕೈರೋ ನಗರದ ಜೆಸ್ವಿಟ್ ಶಾಲೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸಿದರು. ರಜೆ ಸಿಕ್ಕಾಗಲೆಲ್ಲ ಪಳೆಯುಳಿಕೆ ಹುಡುಕಲು ಹೊರಡುತ್ತಿದ್ದರು. 1911ರ ಆಗಸ್ಟ್‌ನಲ್ಲಿ ಅವರಿಗೆ ಗುರುದೀಕ್ಷೆಯಾಯಿತು.

ಹೇಸ್ಟಿಂಗ್ಸ್ ದಿನಗಳ ಪರಿಚಯವೊಂದು ಅವರಿಗೆ ಮುಂದೆ ಮುಜುಗರ ತಂದಿತು. ಚಾರ್ಲ್ಸ್ ಡಾಸನ್ ಎಂಬ ಹವ್ಯಾಸಿ ಸಂಶೋಧಕರು ಪಿಲ್ಟ್‌ಡೌನ್ ಎಂಬಲ್ಲಿ ಆದಿಮಾನವನ ಬುರುಡೆ ಸಿಕ್ಕಿದೆ ಎಂದು ಸಾರಿದ್ದರು. 1913ರಲ್ಲಿ ಅದೇ ಗುಂಡಿಯಲ್ಲಿ ಒಂದು ಕೋರೆಹಲ್ಲು ತೆಯಾರ್ ಅವರ ಕೈಗೆ ಸಿಕ್ಕಿತು. ಅದೆಲ್ಲವೂ ಮನುಷ್ಯನ ಬುರುಡೆಗೆ ವಾನರನ ದವಡೆ ಜೋಡಿಸಿದ ಮೋಸವೆಂದು 1953ರಲ್ಲಿ ಬಯಲಾಯಿತು. ತೆಯಾರ್ ಅವರೂ ಪಾಲುದಾರರೆಂದು ಶಂಕಿಸಿದವರಿದ್ದರು. 2016ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ನಡೆಸಿದ ಪರೀಕ್ಷೆ ಡಾಸನ್ ಒಬ್ಬರತ್ತಲೇ ಬೆರಳು ತೋರಿಸಿತು. ಆ ಮೋಸವನ್ನು ಬಯಲು ಮಾಡಿದವರೂ ವಿಜ್ಞಾನಿಗಳೇ ಎಂಬುದನ್ನು ಇಲ್ಲಿ ಗಮನಿಸಬೇಕು. ವಿಕಾಸವಾದವನ್ನು ಹೀಗಳೆಯಲು ಪಿಲ್ಟ್‌ಡೌನ್ ಹೆಸರೆತ್ತುವವರು ಈ ಅರ್ಧವನ್ನು ಮರೆಯುತ್ತಾರೆ.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ತೆಯಾರ್ ಅವರನ್ನು ಸೈನ್ಯಕ್ಕೆ ಕರೆಯಲಾಯಿತು. ಗಾಯಗೊಂಡವರನ್ನು ಸ್ಟ್ರೆಚರ್‌ನಲ್ಲಿ ಹೊತ್ತು ತರುವ ಕೆಲಸ. ಉತ್ತರ ಆಫ್ರಿಕಾದ ಮುಸ್ಲಿಂ ಸೈನಿಕರೇ ಹೆಚ್ಚಿದ್ದ ತುಕಡಿಯಲ್ಲಿ, ವೆರ್ದನ್‌ನಂಥ ಭೀಕರ ರಣರಂಗಗಳಲ್ಲಿ ಅವರು ಯುದ್ಧ ಮುಗಿಯುವವರೆಗೂ ದುಡಿದರು. ಶೌರ್ಯಕ್ಕಾಗಿ ಪದಕಗಳೂ ಲೀಜನ್ ಆಫ್ ಆನರ್ ಗೌರವವೂ ಬಂದವು. ಆದರೆ ಅವರ ಇಬ್ಬರು ಸಹೋದರರು ಅದೇ ಯುದ್ಧದಲ್ಲಿ ಮಡಿದರು. ಕಂದಕಗಳ ನಡುವೆ ಬಿಡುವು ಸಿಕ್ಕಾಗ ಪ್ರಾರ್ಥಿಸಿ, ಬರೆದು, ತಮ್ಮ ವಿಚಾರಗಳಿಗೆ ಮೊದಲ ರೂಪ ಕೊಟ್ಟರು: ಸೃಷ್ಟಿ ಎಂಬುದು ಆರು ದಿನಗಳಲ್ಲಿ ಮುಗಿದುಹೋದ ಕೆಲಸವಲ್ಲ, ದೇವರು ಇನ್ನೂ ನಡೆಸುತ್ತಿರುವ ಕೆಲಸ. ಜಡವಸ್ತುವಿನಿಂದ ಜೀವ, ಜೀವದಿಂದ ಮನಸ್ಸು, ಮನಸ್ಸಿನಿಂದ ಪ್ರೀತಿ ಎಂದು ಅದು ಮೇಲೇರುತ್ತ ಕೊನೆಗೆ ಕ್ರಿಸ್ತನನ್ನು ಸೇರುತ್ತದೆ. ಸಂತ ಪೌಲರು ಕೊಲೊಸ್ಸೆಯರಿಗೆ ಬರೆದ ಪತ್ರದಲ್ಲಿ ಕ್ರಿಸ್ತನನ್ನು ಇಡೀ ವಿಶ್ವದ ಆಧಾರವಾಗಿ ಕಾಣುವುದನ್ನು ತೆಯಾರ್ ಅಕ್ಷರಶಃ ತೆಗೆದುಕೊಂಡರು ಎನ್ನಬೇಕು.

1922ರಲ್ಲಿ ಡಾಕ್ಟರೇಟ್ ಪಡೆದು, ಪ್ಯಾರಿಸ್ಸಿನ ಕಥೋಲಿಕ ವಿದ್ಯಾಸಂಸ್ಥೆಯಲ್ಲಿ ಭೂಗರ್ಭಶಾಸ್ತ್ರದ ಅಧ್ಯಾಪಕರಾದರು. ವಿದ್ಯಾರ್ಥಿಗಳಿಗೆ ಅಚ್ಚುಮೆಚ್ಚಾದರು. ಅದೇ ಹೊತ್ತಿಗೆ ಜನ್ಮಪಾಪದ ಬಗ್ಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. ಭೂಮಿಯ ಪದರಗಳಲ್ಲಿ ಏದೆನ್ ತೋಟದ ಗುರುತಿಲ್ಲ. ಮನುಷ್ಯ ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲೇ ಪ್ರಾಣಿಗಳು ನೋವುಂಡು ಸತ್ತಿವೆ. ಹೀಗಿರುವಾಗ ಆದಾಮನ ಪಾಪದಿಂದಲೇ ಸಾವು ಲೋಕಕ್ಕೆ ಬಂತೆಂಬುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದು ಅದರ ವಿಷಯ. ಪ್ರಕಟಣೆಗೆಂದು ಬರೆದದ್ದಲ್ಲ, ಗುರುಗಳ ನಡುವಿನ ಚರ್ಚೆಗೆಂದು ಬರೆದದ್ದು. ಹೇಗೋ ಅದು ರೋಮ್ ತಲುಪಿತು.

ಮೇಲಧಿಕಾರಿಗಳು ವಿವರಣೆ ಕೇಳಿದರು. ಕೊನೆಗೆ 1925ರಲ್ಲಿ ಆರು ಅಂಶಗಳ ಒಂದು ಹೇಳಿಕೆಗೆ ಸಹಿ ಹಾಕುವಂತೆ ಆಜ್ಞೆ ಬಂತು. ಇಡೀ ಮಾನವಕುಲ ಆದಾಮನೆಂಬ ಒಬ್ಬನೇ ಮೂಲಪುರುಷನಿಂದ ಬಂದಿದೆ ಎಂಬ ಅಂಶ ಅವರಿಗೆ ಬಹಳ ಕಷ್ಟವಾಯಿತು. ವಿಜ್ಞಾನಿಯಾಗಿ ತಾನು ನಂಬದ ಮಾತಿಗೆ ಸಹಿ ಹಾಕುವುದು ಸುಳ್ಳಾಗುವುದಿಲ್ಲವೇ? ಸಹಿ ಹಾಕದಿದ್ದರೆ ದೇವರ ಮುಂದೆ ಕೊಟ್ಟ ವಿಧೇಯತೆಯ ವ್ರತ ಮುರಿಯುವುದಿಲ್ಲವೇ? ಸಭೆಯ ಒಬ್ಬ ಆಪ್ತ ಗೆಳೆಯರ ಸಲಹೆ ಕೇಳಿದರು. ಇದು ವಿಧೇಯತೆಯ ಗುರುತಾದೀತು, ಅಂತರಂಗದ ಒಪ್ಪಿಗೆಯ ಪ್ರಮಾಣವಲ್ಲ ಎಂದುಕೊಂಡು ಸಹಿ ಹಾಕಿದರು. ಅವರ ಅಧ್ಯಾಪಕ ಹುದ್ದೆ ಹೋಯಿತು. ಯೇಸುಸಭೆಯನ್ನು ಬಿಟ್ಟು ಬಾ ಎಂದು ಕರೆದ ಗೆಳೆಯರಿದ್ದರು, ಬಿಟ್ಟಿದ್ದರೆ ವಿಶ್ವವಿದ್ಯಾಲಯಗಳು ಅವರನ್ನು ಕರೆದು ಕೂರಿಸುತ್ತಿದ್ದವು. ಅವರು ಬಿಡಲಿಲ್ಲ.

ಇದರಲ್ಲಿ ಯಾರು ಸರಿ? ರೋಮಿನ ಭಯಕ್ಕೂ ಕಾರಣವಿತ್ತು. ಜನ್ಮಪಾಪವಿಲ್ಲವೆಂದಾದರೆ ರಕ್ಷಣೆಯ ಅರ್ಥವೇನು, ಜ್ಞಾನಸ್ನಾನದ ಅರ್ಥವೇನು ಎಂಬುದು ಸಣ್ಣ ಪ್ರಶ್ನೆಯಲ್ಲ. ಆದರೆ ಭೂಮಿಯ ಪದರಗಳು ಹೇಳುವ ಸತ್ಯವನ್ನು ಸಹಿಯಿಂದ ಬದಲಿಸಲಾಗದು ಎಂಬುದೂ ಅಷ್ಟೇ ನಿಜ. ನಮ್ಮ ಪೂರ್ವಜರು ಯಾವ ಕಾಲದಲ್ಲೂ ಇಬ್ಬರೇ ಆಗಿರಲಿಲ್ಲ, ಸಾವಿರಾರು ಮಂದಿಯ ಗುಂಪಾಗಿದ್ದರು ಎಂದು ಇಂದಿನ ವಂಶವಾಹಿ ಶಾಸ್ತ್ರ ಹೇಳುತ್ತದೆ. ತೆಯಾರ್ ಕೇಳಿದ ಪ್ರಶ್ನೆಯ ಮೇಲೆ ದೈವಶಾಸ್ತ್ರಜ್ಞರು ಇಂದಿಗೂ ಕೆಲಸ ಮಾಡುತ್ತಿದ್ದಾರೆ.

1926ರಲ್ಲಿ ಅವರು ಚೀನಾಕ್ಕೆ ಮರಳಿದರು. ಅದಕ್ಕೆ ಮೊದಲೇ, 1923ರಲ್ಲಿ, ಫಾದರ್ ಎಮಿಲ್ ಲಿಸಾಂ ಎಂಬ ಜೆಸ್ವಿಟ್ ವಿಜ್ಞಾನಿಯ ಜೊತೆ ಅಲ್ಲಿನ ಓರ್ಡೋಸ್ ಮರುಭೂಮಿಗೆ ಹೋಗಿ ಬಂದಿದ್ದರು. ಆ ಪ್ರಯಾಣದಲ್ಲಿ ಒಂದು ದಿನ ಬಲಿಪೂಜೆ ಅರ್ಪಿಸಲು ರೊಟ್ಟಿಯೂ ಇರಲಿಲ್ಲ, ದ್ರಾಕ್ಷಾರಸವೂ ಇರಲಿಲ್ಲ. ಹಾಗಾದರೆ ಈ ಭೂಮಿಯೇ ನನ್ನ ಪೀಠ, ಈ ದಿನ ಲೋಕವೆಲ್ಲ ಪಡುವ ದುಡಿಮೆಯೇ ರೊಟ್ಟಿ, ಲೋಕದ ನೋವೇ ದ್ರಾಕ್ಷಾರಸ ಎಂಬ ಭಾವನೆಯಿಂದ ಪ್ರಾರ್ಥಿಸಿದರು. ಆ ಪ್ರಾರ್ಥನೆ ಮುಂದೆ ‘ಲೋಕದ ಮೇಲಿನ ಬಲಿಪೂಜೆ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅವರ ಬರಹಗಳಲ್ಲಿ ಕಠಿಣವಾದವು ಬಹಳ ಇವೆ, ಇದು ಮಾತ್ರ ಯಾರಿಗೂ ಮುಟ್ಟುತ್ತದೆ.

ಬೀಜಿಂಗ್ ಹತ್ತಿರದ ಝೌಕೌದಿಯನ್ ಗುಹೆಗಳಲ್ಲಿ 1929ರ ಡಿಸೆಂಬರ್‌ನಲ್ಲಿ ಪೇ ವೆನ್‌ಝೋಂಗ್ ಎಂಬ ತರುಣ ಚೀನೀ ವಿಜ್ಞಾನಿ ಆದಿಮಾನವನ ಬುರುಡೆಯೊಂದನ್ನು ಪತ್ತೆಹಚ್ಚಿದರು. ಅದೇ ಪೀಕಿಂಗ್ ಮಾನವ. ಆ ಉತ್ಖನನದ ಭೂಗರ್ಭ ಸಲಹೆಗಾರರಾಗಿದ್ದವರು ತೆಯಾರ್. ಬುರುಡೆ ಎಷ್ಟು ಹಳೆಯದು, ಯಾವ ಪ್ರಾಣಿಗಳ ಎಲುಬುಗಳ ಜೊತೆ ಸಿಕ್ಕಿದೆ, ಸುತ್ತಲಿನ ಕಲ್ಲುಗಳು ಆದಿಮಾನವ ಒಡೆದು ಮಾಡಿದ ಉಪಕರಣಗಳೇ ಎಂಬ ತನಿಖೆಯಲ್ಲಿ ಅವರ ಪಾಲು ದೊಡ್ಡದು. ಮನುಷ್ಯನ ಮೂಲದ ಬಗ್ಗೆ ಮಾತಾಡದಿರಲೆಂದು ದೂರ ಇಟ್ಟಿದ್ದ ಗುರುವನ್ನು ದೇವರು ಆ ಮೂಲದ ಬಾಗಿಲಿಗೇ ತಂದು ನಿಲ್ಲಿಸಿದ್ದು ನೋಡಿದರೆ ನಗುವೂ ಬರುತ್ತದೆ.

1935ರಲ್ಲಿ ಅವರು ಭಾರತಕ್ಕೂ ಬಂದರು. ಹೆಲ್ಮುಟ್ ದ ತೆರ್ರಾ ನೇತೃತ್ವದ ತಂಡದೊಂದಿಗೆ ಅಂದಿನ ಪಂಜಾಬ್ ಸೀಮೆಯಲ್ಲೂ ನರ್ಮದಾ ಕಣಿವೆಯಲ್ಲೂ ಶಿಲಾಯುಗದ ಉಪಕರಣಗಳನ್ನು ಹುಡುಕಿದರು. ನಮ್ಮ ಕರಾವಳಿಯವರೆಗೆ ಬರಲಿಲ್ಲ.

1938ರಿಂದ 1940ರ ನಡುವೆ, ಯುದ್ಧದ ನೆರಳಿನಲ್ಲಿದ್ದ ಬೀಜಿಂಗ್‌ನಲ್ಲಿ ತಮ್ಮ ಮುಖ್ಯ ಗ್ರಂಥ ‘ಮಾನವನೆಂಬ ವಿದ್ಯಮಾನ’ ಬರೆದರು. ರೋಮ್ ಅದರ ಪ್ರಕಟಣೆಗೆ ಅನುಮತಿ ಕೊಡಲಿಲ್ಲ. ವಿಕಾಸಕ್ಕೆ ದಿಕ್ಕಿದೆ, ಅದರ ಗುರಿ ಪ್ರೀತಿ, ಆದ್ದರಿಂದ ಒಂದಾಗಿಸುವುದೆಲ್ಲ ಒಳಿತು, ಒಡೆಯುವುದೆಲ್ಲ ಕೆಡುಕು ಎಂಬುದು ಅದರ ತಿರುಳು. ಅಂದರೆ ಮನುಷ್ಯ ಹೇಗೆ ಬಾಳಬೇಕೆಂಬುದಕ್ಕೂ ವಿಕಾಸದಲ್ಲೇ ದಾರಿ ಕಾಣುತ್ತದೆಂದು ಅವರು ನಂಬಿದರು.

ಇಲ್ಲೇ ಅವರೊಂದಿಗೆ ನಿಧಾನವಾಗಿ ನಡೆಯಬೇಕು. ಡಾರ್ವಿನ್ನರ ಅತಿ ದೊಡ್ಡ ಬೆಂಬಲಿಗರಾಗಿದ್ದ ಥಾಮಸ್ ಹಕ್ಸ್‌ಲಿ 1893ರಲ್ಲೇ, ನಿಸರ್ಗದ ಹೋರಾಟದಿಂದ ನೀತಿ ಹುಟ್ಟುವುದಿಲ್ಲ, ಅದನ್ನು ಎದುರಿಸಿ ನಿಂತಾಗಲೇ ನೀತಿ ಎಂದು ವಾದಿಸಿದ್ದರು. ಅವರು ದೇವರ ವಿಷಯದಲ್ಲಿ ನಿರ್ಧಾರ ಹೇಳಲೊಪ್ಪದವರು. ಆದರೂ ಈ ಮಾತಿನಲ್ಲಿ ಅವರು ನಮ್ಮ ಧರ್ಮೋಪದೇಶಕ್ಕೆ ತೆಯಾರ್ ಅವರಿಗಿಂತ ಹತ್ತಿರ ಇದ್ದಾರೆ. ಬಲವಾದದ್ದು ಉಳಿಯುತ್ತದೆ ಎಂಬುದು ನಿಸರ್ಗದಲ್ಲಿ ನಡೆಯುವ ಸಂಗತಿ. ಬಲಹೀನನನ್ನು ಎತ್ತಿಕೊಳ್ಳಬೇಕು ಎಂಬುದು ಆ ಸಂಗತಿಯಿಂದ ಬಂದದ್ದಲ್ಲ, ಶಿಲುಬೆಯಿಂದ ಬಂದದ್ದು. ಗಾಯಾಳುಗಳನ್ನು ಹೊತ್ತು ನಡೆದ ತೆಯಾರ್ ಅವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಬರೆಯಲು ಕುಳಿತಾಗ ವಿಕಾಸದ ಏಣಿಯ ಮೇಲೆ ಅವರಿಗೆ ಅತಿಯಾದ ಭರವಸೆ ಬಂದುಬಿಡುತ್ತಿತ್ತು.

ಅದರ ಫಲ ಒಂದು ಕಡೆ ಕಹಿಯಾಗಿದೆ. ಉತ್ತಮ ತಳಿಯ ಮನುಷ್ಯರನ್ನು ಬೆಳೆಸಬೇಕೆಂಬ ಸುಜನನ ವಾದ ಆ ಕಾಲದಲ್ಲಿ ಯುರೋಪು, ಅಮೆರಿಕಗಳ ವಿದ್ಯಾವಂತರಲ್ಲಿ ದೊಡ್ಡ ಫ್ಯಾಷನ್ ಆಗಿತ್ತು. ಮಾನವೀಯವಾದ ಸುಜನನ ಪದ್ಧತಿಯೊಂದು ಬೇಕೆಂದು ತೆಯಾರ್ ಕೂಡ ಬರೆದರು. ಜನಾಂಗಗಳ ನಡುವೆ ಮೇಲು-ಕೀಳಿನ ಧ್ವನಿ ಬರುವ ಸಾಲುಗಳೂ ಅವರ ಬರಹಗಳಲ್ಲಿವೆ. ಜಗದ್ಗುರು ಹನ್ನೊಂದನೇ ಪಿಯೂಸರು ವಿವಾಹದ ಕುರಿತ 1930ರ ವಿಶ್ವಪತ್ರದಲ್ಲೇ ಬಲವಂತದ ಸಂತಾನಹರಣವನ್ನು ಖಂಡಿಸಿದ್ದರು. ಆಗ ಹಳೇ ಕಾಲದವರೆಂದು ಅನೇಕರು ಧರ್ಮಸಭೆಯನ್ನು ಹಾಸ್ಯ ಮಾಡಿದರು. ನಾಜಿ ಜರ್ಮನಿಯಲ್ಲಿ ಏನಾಯಿತೆಂದು ಕಂಡ ಮೇಲೆ ಯಾರೂ ನಗಲಿಲ್ಲ. ಪಳೆಯುಳಿಕೆಗಳ ವಿಷಯದಲ್ಲಿ ರೋಮಿಗಿಂತ ದೂರ ನೋಡಿದ ಗುರು, ಮನುಷ್ಯನ ಘನತೆಯ ವಿಷಯದಲ್ಲಿ ರೋಮಿನಷ್ಟು ಸ್ಪಷ್ಟವಾಗಿ ನೋಡಲಿಲ್ಲ. ಅವರ ಅಭಿಮಾನಿಗಳು ಇದನ್ನು ಮುಚ್ಚಿಡುವುದು ಸರಿಯಲ್ಲ.

1946ರಲ್ಲಿ ಪ್ಯಾರಿಸ್ಸಿಗೆ ಮರಳಿದರು. 1948ರಲ್ಲಿ ತಾವೇ ರೋಮಿಗೆ ಹೋಗಿ ಎರಡು ವಿಷಯ ಕೇಳಿಕೊಂಡರು: ಪುಸ್ತಕ ಪ್ರಕಟಿಸಲು ಅನುಮತಿ, ಕೊಲೆಜ್ ದ ಫ್ರಾನ್ಸ್‌ನ ಪ್ರಾಧ್ಯಾಪಕ ಹುದ್ದೆಗೆ ಒಪ್ಪಿಗೆ. ಎರಡೂ ಸಿಗಲಿಲ್ಲ. 1950ರಲ್ಲಿ ಜಗದ್ಗುರು ಹನ್ನೆರಡನೇ ಪಿಯೂಸರ ವಿಶ್ವಪತ್ರ ಹೊರಬಂತು. ಮಾನವ ದೇಹದ ವಿಕಾಸವನ್ನು ವಿದ್ವಾಂಸರು ಸಂಶೋಧಿಸಬಹುದು, ಆದರೆ ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದು ಅದು ಬೋಧಿಸಿತು. ಅನೇಕ ಮೂಲಪುರುಷರಿದ್ದರೆಂಬ ಅಭಿಪ್ರಾಯಕ್ಕೆ ವಿಶ್ವಾಸಿಗಳಿಗೆ ಸ್ವಾತಂತ್ರ್ಯವಿಲ್ಲ ಎಂದಿತು. ಅದೇ ವರ್ಷ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ತೆಯಾರ್ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಕೊನೆಯ ವರ್ಷಗಳು ನ್ಯೂಯಾರ್ಕ್‌ನಲ್ಲಿ ಕಳೆದವು. ಅಲ್ಲಿನ ಸಂಶೋಧನಾ ಸಂಸ್ಥೆಯೊಂದರ ಪರವಾಗಿ ಆದಿಮಾನವನ ಅಧ್ಯಯನಕ್ಕೆಂದು ಎರಡು ಬಾರಿ ಆಫ್ರಿಕಾಕ್ಕೆ ಹೋದರು. ಪುನರುತ್ಥಾನದ ಹಬ್ಬದ ದಿನ ಸಾಯಬೇಕೆಂಬ ಆಸೆಯನ್ನು ಗೆಳೆಯರಲ್ಲಿ ಹೇಳಿಕೊಂಡಿದ್ದರಂತೆ. 1955ರ ಏಪ್ರಿಲ್ 10, ಈಸ್ಟರ್ ಭಾನುವಾರ, ಸಂಜೆ ಗೆಳೆಯರ ಮನೆಯಲ್ಲಿದ್ದಾಗ ಕುಸಿದು ಬಿದ್ದು ತೀರಿಕೊಂಡರು. ಅಂತ್ಯಕ್ರಿಯೆಗೆ ಸೇರಿದವರು ಬೆರಳೆಣಿಕೆಯ ಮಂದಿ.

ಹಸ್ತಪ್ರತಿಗಳನ್ನು ಅವರು ಮೊದಲೇ ತಮ್ಮ ಕಾರ್ಯದರ್ಶಿ ಜಾನ್ ಮೋರ್ತಿಯೇ ಎಂಬ ಮಹಿಳೆಯ ವಶಕ್ಕೆ ಕೊಟ್ಟಿದ್ದರು. ಬದುಕಿರುವವರೆಗೆ ಆಜ್ಞೆ ಮೀರಲಿಲ್ಲ. ಸತ್ತ ವರ್ಷವೇ ‘ಮಾನವನೆಂಬ ವಿದ್ಯಮಾನ’ ಅಚ್ಚಾಯಿತು. ಲಕ್ಷಾಂತರ ಜನ ಓದಿದರು. ಜೀವಶಾಸ್ತ್ರಜ್ಞ ಪೀಟರ್ ಮೆಡವಾರ್ 1961ರಲ್ಲಿ ಅದನ್ನು ವಿಜ್ಞಾನವೇ ಅಲ್ಲವೆಂದು ಕಟುವಾಗಿ ಟೀಕಿಸಿದರು, 1962ರಲ್ಲಿ ರೋಮಿನ ವಿಶ್ವಾಸ ಸಂರಕ್ಷಣಾ ಕಚೇರಿ ಅವರ ಬರಹಗಳಲ್ಲಿ ದೋಷಗಳಿವೆಯೆಂದು ಎಚ್ಚರಿಕೆ ಪತ್ರ ಹೊರಡಿಸಿತು. ಕಾಲ ಕಳೆದಂತೆ ಸ್ವರ ಬದಲಾಯಿತು. ಜಗದ್ಗುರು ಎರಡನೇ ಜಾನ್ ಪೌಲರು 1996ರಲ್ಲಿ ವಿಕಾಸವಾದ ಬರೀ ಊಹೆಯಲ್ಲವೆಂದು ಒಪ್ಪಿಕೊಂಡರು. ಹದಿನಾರನೇ ಬೆನೆಡಿಕ್ಟರು 2009ರಲ್ಲಿ ತೆಯಾರ್ ಅವರನ್ನು ಮೆಚ್ಚುಗೆಯಿಂದ ನೆನೆದರು. ಫ್ರಾನ್ಸಿಸರು 2015ರ ಪರಿಸರ ಕುರಿತ ವಿಶ್ವಪತ್ರದಲ್ಲಿ ಅವರ ಹೆಸರು ಸೇರಿಸಿದರು, 2023ರಲ್ಲಿ ಮಂಗೋಲಿಯಾ ಭೇಟಿಯ ವೇಳೆ ಓರ್ಡೋಸ್ ಮರುಭೂಮಿಯ ಆ ಪ್ರಾರ್ಥನೆಯನ್ನು ಸ್ಮರಿಸಿದರು.

ತೆಯಾರ್ ಅವರನ್ನು ಸಮಾಧಿ ಮಾಡಿದ್ದು ನ್ಯೂಯಾರ್ಕ್ ನಗರದ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯಲ್ಲಿದ್ದ ಯೇಸುಸಭೆಯ ತರಬೇತಿ ಮಠದ ಆವರಣದಲ್ಲಿ. ಆ ಕಟ್ಟಡವನ್ನು ಸಭೆಯವರು 1970ರ ದಶಕದ ಹೊತ್ತಿಗೆ ಮಾರಿಬಿಟ್ಟರು, ಅಡುಗೆ ಕಲಿಸುವ ಕಾಲೇಜೊಂದು ಅಲ್ಲಿಗೆ ಬಂತು. ಹಿಂಬದಿಯ ಪುಟ್ಟ ಸ್ಮಶಾನ ಹಾಗೇ ಉಳಿದಿದೆ. ಬೇರೆ ಜೆಸ್ವಿಟರ ಸಮಾಧಿಗಳ ಸಾಲಿನಲ್ಲೇ ಅವರದೂ ಇದೆ, ಅವುಗಳಂಥದ್ದೇ ಒಂದು ಸಾದಾ ಕಲ್ಲು.