ಕಲ್ಯಾಣಸ್ವಾಮಿಯೆನಿಸಿದ ಪುಟ್ಟಬಸಪ್ಪ

ಕೊಡಗನ್ನಾಳಿದ ಹಾಲೇರಿಯ ಅರಸರು ಲಿಂಗವಂತರು. ಆ ವಂಶದ ಮೂಲಪುರುಷನು ಇಕ್ಕೇರಿಯ ಕಡೆಯಿಂದ ಜಂಗಮವೇಷದಲ್ಲಿ ಬಂದು ಹಾಲೇರಿಯಲ್ಲಿ ನೆಲಸಿದನೆಂದು ಪ್ರತೀತಿ. 1834ರಲ್ಲಿ ಕುಂಪಣಿ ಸರಕಾರವು ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಡೆಗೆ ಕಾಶಿಯಲ್ಲಿರಿಸಿತು. ದಾಯಾದಿಗಳ ಕೊಲೆಗಳನ್ನು ಕಂಡಿದ್ದ ಆ ಮನೆತನದಲ್ಲಿ ಅಳಿದವರಾರು, ಉಳಿದವರಾರು ಎಂಬುದೇ ಪ್ರಜೆಗಳಿಗೆ ತಿಳಿಯದಾಗಿತ್ತು. ಈ ಸಂದೇಹದಲ್ಲಿಯೇ ಹಕ್ಕುದಾರರು ಹುಟ್ಟಿಕೊಂಡರು. ಅಪರಂಪಾರನೂ ಕಲ್ಯಾಣಸ್ವಾಮಿಯೂ ಜಂಗಮರಾಗಿ ಸಂಚರಿಸುತ್ತ ತಾವು ರಾಜವಂಶದವರೆಂದು ಸಾರಿ, ಒಬ್ಬರಾದ ಮೇಲೊಬ್ಬರು ಸೆರೆಯಾದರು.

ಪುಟ್ಟಬಸಪ್ಪನಾದರೋ ಶನಿವಾರಸಂತೆಯ ಕಡೆಯ ಸಾಮಾನ್ಯ ರೈತ, ಅರಸುಮನೆಯ ರಕ್ತಸಂಬಂಧವಿಲ್ಲದವನು. ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದ್ದ ಅಮರ ಸುಳ್ಯದ ಸೀಮೆಯಲ್ಲಿ ಆಗ ಅಸಮಾಧಾನವು ಹೊಗೆಯಾಡುತ್ತಿತ್ತು. ಅರಸರ ಕಾಲದಲ್ಲಿ ಬೆಳೆದ ಧಾನ್ಯವನ್ನೇ ಕಂದಾಯವಾಗಿ ಅಳೆದುಕೊಡುತ್ತಿದ್ದ ಒಕ್ಕಲು ಈಗ ನಾಣ್ಯವನ್ನೇ ತರಬೇಕಾಯಿತು. ಕೆದಂಬಾಡಿ ರಾಮಯ್ಯಗೌಡ ಮೊದಲಾದವರು ಪುಟ್ಟಬಸಪ್ಪನನ್ನೇ ಕಲ್ಯಾಣಸ್ವಾಮಿಯೆಂದು ಜನರ ಮುಂದೆ ನಿಲ್ಲಿಸಿದರು. ನಿಜವಾದ ಕಲ್ಯಾಣಸ್ವಾಮಿಯು ಆಗ ಕುಂಪಣಿಯವರ ಬಂಧನದಲ್ಲಿದ್ದನು.

ಲಾಂಛನವನ್ನು ಕಂಡೊಡನೆ ಕುಲಗೋತ್ರವನ್ನು ಕೇಳದೆ ಕೈಮುಗಿಯುವುದು ನಮ್ಮ ಭಕ್ತರ ನಡೆ. ಆ ನಂಬುಗೆಯನ್ನು ರಾಜಕಾರ್ಯಕ್ಕೆ ಬಳಸಿದುದು ತಪ್ಪಲ್ಲವೆಂದು ನಾನು ಹೇಳಲಾರೆ. ಆದರೆ ಅವನ ಬೆನ್ನಿಗೆ ನಿಂತ ರೈತನ ಸಂಕಟವು ವೇಷವಾಗಿರಲಿಲ್ಲ.

1837ರ ಮಾರ್ಚಿ ತಿಂಗಳ ಕೊನೆಯಲ್ಲಿ ದಂಡು ಹೊರಟಿತು. ಮೂರು ವರ್ಷದ ಕಂದಾಯ ಮಾಫಿಯೆಂದು ಸ್ವಾಮಿಯ ಹೆಸರಿನಲ್ಲಿ ಸಾರಲಾಯಿತು. ಬೆಳ್ಳಾರೆಯ ಖಜಾನೆಯು ವಶವಾಯಿತು. ದಾರಿಯುದ್ದಕ್ಕೂ ಜನ ಕೂಡಿಕೊಂಡರು. ಏಪ್ರಿಲ್ 5ರಂದು ಮಂಗಳೂರೇ ಕೈಸೇರಿ, ಬಾವುಟಗುಡ್ಡದ ಮೇಲೆ ಹಾಲೇರಿಯ ಧ್ವಜವೇರಿತು. ಶನಿವಾರಸಂತೆಯ ರೈತನು ಹದಿಮೂರು ದಿನ ಆ ಪಟ್ಟಣದಲ್ಲಿ ಅರಸನೆನಿಸಿದನು. ಅಷ್ಟರಲ್ಲಿ ಕಣ್ಣಾನೂರು, ತಲಚೇರಿಗಳಿಂದ ಕುಂಪಣಿಯ ಸೇನೆ ಬಂದಿತು. ಕೂಡಿದ ಜನ ಚೆದುರಿದರು. ಕೊಡಗಿನ ದಿವಾನರಲ್ಲಿ ಅಪ್ಪಾರಂಡ ಬೋಪು ಸರಕಾರದ ಪಕ್ಷವಹಿಸಿ ದಂಗೆಯನ್ನಡಗಿಸಲು ನೆರವಾದನು.

ಸೆರೆಸಿಕ್ಕ ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಿದರು. ನಂದಾವರದ ಲಕ್ಷ್ಮಪ್ಪ ಬಂಗರಸನಿಗೂ ಅದೇ ಗತಿಯಾಯಿತು. ಗುಡ್ಡೆಮನೆ ಅಪ್ಪಯ್ಯಗೌಡನನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೆ ಹಾಕಲಾಯಿತು.

ಆ ಸೀಮೆಯವರು ಈ ದಂಗೆಯನ್ನು ಕಲ್ಯಾಣಪ್ಪನ ಕಾಟಕಾಯಿ ಎಂದು ಕರೆದರು. ಬಾವುಟಗುಡ್ಡದಲ್ಲಿ 2022ರಲ್ಲಿ ರಾಮಯ್ಯಗೌಡನ ಪ್ರತಿಮೆ ಸ್ಥಾಪಿತವಾಗಿದೆ. ಪುಟ್ಟಬಸಪ್ಪನೆಂಬ ಹೆಸರನ್ನು ಮಾತ್ರ ಇಂದಿಗೂ ಕೇಳಿ ತಿಳಿಯಬೇಕಾಗಿದೆ.